ಪರವಾನಗಿ ಬಂತು, ಇನ್ನು ತಂತಿ ಕಟ್ಟಿ

ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ, ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕಾದು ಕಾದು ಕೊನೆಗೆ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಕೈಗೆ ಬಂದ ದಿನ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಒಂದು ಹ್ಯಾಂಡ್‌ಸೆಟ್ ತರಿಸುವುದು. ಅಂಗೈಯಲ್ಲಿ ಹಿಡಿಯುವ ಸೆಟ್, ಐದು ವ್ಯಾಟ್, ಬೆಲೆಯೂ ಕಡಿಮೆ. ರಾಯಚೂರಿನ ಮಾಳಿಗೆ ಮೇಲೆ ನಿಂತು 145 ಮೆಗಾಹರ್ಟ್ಸ್‌ನಲ್ಲಿ ಕರೆಯುತ್ತಾರೆ. ಉತ್ತರವಿಲ್ಲ. ಮರುದಿನ ಮುಂಜಾನೆ, ಅದರ ಮರುದಿನ ಸಂಜೆ, ಆಗಲೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಸೆಟ್ ಅಲಮಾರು ಸೇರುತ್ತದೆ, ಜೊತೆಗೆ ಹವ್ಯಾಸವೂ.

ತಪ್ಪು ಸೆಟ್ಟಿನದಲ್ಲ, ನಿಮ್ಮದೂ ಅಲ್ಲ. ಹ್ಯಾಂಡ್‌ಸೆಟ್ಟಿನಿಂದ ಶುರು ಮಾಡಿ ಎನ್ನುವುದು ಬೆಂಗಳೂರು, ಹೈದರಾಬಾದಿನಿಂದ ಬಂದ ಸಲಹೆ. ಅಲ್ಲಿ ಎತ್ತರದ ಕಟ್ಟಡದ ಮೇಲೆ ರಿಪೀಟರ್ ಕೂತಿರುತ್ತದೆ. ನಿಮ್ಮ ದುರ್ಬಲ ದನಿಯನ್ನು ಅದು ಹಿಡಿದು ಜೋರಾಗಿ ಮತ್ತೆ ಬಿತ್ತರಿಸುತ್ತದೆ. ಊರಲ್ಲಿ ಡಜನ್ನುಗಟ್ಟಲೆ ಹ್ಯಾಮ್‌ಗಳಿರುತ್ತಾರೆ, ಒಬ್ಬರಲ್ಲ ಒಬ್ಬರು ಕಿವಿಗೊಟ್ಟಿರುತ್ತಾರೆ. ನಮ್ಮ ಕಡೆ ಲೆಕ್ಕ ಬೇರೆ. ರಾಯಚೂರಿನಲ್ಲಿ ಒಬ್ಬರು, ಮಾನ್ವಿಯಲ್ಲಿ ಒಬ್ಬರು, ದೇವದುರ್ಗದಲ್ಲಿ ಒಬ್ಬರು ಹೊಸದಾಗಿ ಪರವಾನಗಿ ಪಡೆದಿದ್ದಾರೆ ಎಂದಿಟ್ಟುಕೊಳ್ಳಿ. ನಕ್ಷೆಯ ಮೇಲೆ ಗೆರೆ ಎಳೆದರೆ ರಾಯಚೂರು–ಮಾನ್ವಿ ನೇರ ದೂರ ಸುಮಾರು 40 ಕಿಲೋಮೀಟರ್, ರಾಯಚೂರು–ದೇವದುರ್ಗ 50, ದೇವದುರ್ಗ–ಮಾನ್ವಿ ಕೂಡ ಹೆಚ್ಚುಕಡಿಮೆ 50. ಹ್ಯಾಂಡ್‌ಸೆಟ್ಟಿನ ವಿಎಚ್‌ಎಫ್ ಅಲೆ ನೇರ ಹೋಗುತ್ತದೆ, ಭೂಮಿಯ ಬಾಗಿನ ಆಚೆಗೆ ಇಳಿಯುವುದು ಕಡಿಮೆ. ಆಂಟೆನಾ ಎಷ್ಟು ಮೀಟರ್ ಎತ್ತರವಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ಅಲೆಯ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 12 ಮೀಟರ್ ಎತ್ತರದ ಆಂಟೆನಾಕ್ಕೆ ಇದು 14 ಕಿಲೋಮೀಟರ್. ಎರಡೂ ಕಡೆ ಅಷ್ಟೇ ಎತ್ತರವಿದ್ದರೂ 28ಕ್ಕೆ ಮುಗಿಯಿತು. ಕೃಷ್ಣಾ–ತುಂಗಭದ್ರೆಯ ನಡುವಿನ ನಮ್ಮ ಕರಿನೆಲ ಎಷ್ಟೇ ಸಪಾಟಾಗಿದ್ದರೂ 40 ಕಿಲೋಮೀಟರ್ ದಾಟಿಸಲು ಕೈಸೆಟ್ಟಿಗೆ ಆಗದು.

ಹಾಗಾಗಿ ರಾಯಚೂರು ಜಿಲ್ಲೆಯ ಹೊಸ ಹ್ಯಾಮ್‌ಗೆ ನಾನು ಹೇಳುವುದು ಒಂದೇ: 40 ಮೀಟರ್ ಬ್ಯಾಂಡಿನಿಂದ ಶುರು ಮಾಡಿ. ಭಾರತದಲ್ಲಿ ಇದು 7.000ದಿಂದ 7.200 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಈ ಅಲೆ ಮೇಲಕ್ಕೆ ಹೋಗಿ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳಕ್ಕೆ ತಾಗಿ, ಮತ್ತೆ ನೆಲಕ್ಕೆ ಬರುತ್ತದೆ. ಎಲ್ಲಿಗೆ ಬರುತ್ತದೆ ಎನ್ನುವುದು ನೀವು ಅದನ್ನು ಯಾವ ಕೋನದಲ್ಲಿ ಕಳಿಸುತ್ತೀರಿ ಎಂಬುದರ ಮೇಲಿದೆ. ಹಿತ್ತಲಲ್ಲಿ ನೀರಿನ ಪೈಪನ್ನು ಓರೆಯಾಗಿ ಹಿಡಿದರೆ ನೀರು ಆಚೆ ಓಣಿಗೆ ಬೀಳುತ್ತದೆ, ನೆಟ್ಟಗೆ ಮೇಲಕ್ಕೆ ಹಿಡಿದರೆ ನಿಮ್ಮ ಸುತ್ತಲೇ ಬೀಳುತ್ತದೆ. ತಂತಿಯನ್ನು ತಗ್ಗಿನಲ್ಲಿ, ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆಯ ಬಹುಪಾಲು ನೆಟ್ಟಗೆ ಮೇಲೆ ಹೋಗಿ ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರ್ ಪ್ರದೇಶದ ಮೇಲೆಲ್ಲ ಸುರಿಯುತ್ತದೆ. ದೇವದುರ್ಗ, ಮಾನ್ವಿ ಅದರೊಳಗೆ ಬಂದವು. ಸುಮಾರು 180 ಕಿಲೋಮೀಟರ್ ದೂರದ ಹೈದರಾಬಾದ್ ಬಂತು, ಬೆಂಗಳೂರೂ ಬಂತು. ಎತ್ತರದ ಕಂಬ ಇಲ್ಲವಲ್ಲ ಎಂದು ಕೊರಗುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಈಗ ತಂತಿ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಹಣವನ್ನೆಲ್ಲ ಸೆಟ್ಟಿಗೆ ಸುರಿದು ಆಂಟೆನಾಕ್ಕೆ ಚಿಲ್ಲರೆ ಉಳಿಸಿಕೊಳ್ಳುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ.

ಎಲೆಕ್ಟ್ರಿಕ್ ಅಂಗಡಿಯಲ್ಲಿ ಮನೆ ವೈರಿಂಗಿಗೆ ಕೊಡುವ ತಾಮ್ರದ ತಂತಿಯೇ ಸಾಕು. 90 ಮೀಟರಿನ ಒಂದು ಸುರುಳಿ ತಂದರೆ ಮೂರು ಊರಿನ ಮೂವರು ಹಂಚಿಕೊಂಡರೂ ಮಿಗುತ್ತದೆ. ಡೈಪೋಲಿನ ಉದ್ದ ಕಂಡುಹಿಡಿಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್ ಬರುತ್ತದೆ, ಅಂದರೆ ನಡುವಿನಿಂದ ಆ ಕಡೆ 10, ಈ ಕಡೆ 10. ಅಡಿ ಲೆಕ್ಕದವರಿಗೆ ಒಂದೊಂದು ಬದಿ 33 ಅಡಿ. ಕತ್ತರಿಸುವಾಗ ಮಾತ್ರ ಅರ್ಧ ಮೀಟರ್ ಹೆಚ್ಚೇ ಬಿಡಿ. ಉಳಿದದ್ದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಬೆಸೆಯುವುದು ತಲೆನೋವು. ಪಿವಿಸಿ ಪೈಪಿನ ಗೇಣುದ್ದದ ತುಂಡುಗಳಿಗೆ ರಂಧ್ರ ಕೊರೆದರೆ ಇನ್ಸುಲೇಟರ್ ಆಯಿತು. ನಡುವಿನ ತುಂಡಿನಲ್ಲಿ ಕೋಆಕ್ಸಿಯಲ್ ಕೇಬಲ್ಲಿನ ಒಳತಂತಿಯನ್ನು ಒಂದು ಬದಿಗೆ, ಹೊರಜಾಲರಿಯನ್ನು ಇನ್ನೊಂದು ಬದಿಗೆ ಬೆಸುಗೆ ಹಾಕಿ, ಮಳೆನೀರು ಕೇಬಲ್ಲಿನೊಳಗೆ ಇಳಿಯದಂತೆ ಚೆನ್ನಾಗಿ ಮುಚ್ಚಿ. ಇದನ್ನು ಅರ್ಧಂಬರ್ಧ ಮಾಡಿದವರ ಕೇಬಲ್ ಒಂದೇ ಮಳೆಗಾಲಕ್ಕೆ ಕೆಡುತ್ತದೆ.

ಮಾಳಿಗೆಯ ನಡುವೆ ಒಂದು ಬಿದಿರಿನ ಗಳ ಅಥವಾ ಪೈಪ್ ನಿಲ್ಲಿಸಿ, ನೆತ್ತಿಗೆ ಈ ನಡುಭಾಗ ಕಟ್ಟಿ, ಎರಡು ತುದಿಗಳನ್ನು ನೈಲಾನ್ ಹಗ್ಗದಿಂದ ಕೆಳಗೆ ಎಳೆದು ಕಟ್ಟಿದರೆ ತಲೆಕೆಳಗಾದ ವಿ ಆಕಾರ. ಹ್ಯಾಮ್‌ಗಳು ಇದನ್ನು ಇನ್ವರ್ಟೆಡ್ ವಿ ಎನ್ನುತ್ತಾರೆ. ಒಂದೇ ಕಂಬ ಸಾಕಾಗುವುದರಿಂದ ಪೇಟೆಯೊಳಗಿನ ಮನೆಗೂ ಒಗ್ಗುತ್ತದೆ. ತುದಿಗಳು ಜನರ ಕೈಗೆ ಎಟುಕದಷ್ಟು ಮೇಲಿರಲಿ, ಪ್ರಸಾರ ಮಾಡುವಾಗ ಅಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಇನ್ನು ಜೆಸ್ಕಾಂ ಲೈನಿನ ವಿಷಯ. ನಿಮ್ಮ ತಂತಿ ಹರಿದರೂ, ಗಳ ಮುರಿದು ಬಿದ್ದರೂ ವಿದ್ಯುತ್ ತಂತಿಗೆ ತಾಗುವ ಸಾಧ್ಯತೆಯೇ ಇರಬಾರದು. ಅಂಥ ಜಾಗ ನಿಮ್ಮ ಮಾಳಿಗೆಯಲ್ಲಿ ಇಲ್ಲದಿದ್ದರೆ ಅಲ್ಲಿ ಕಟ್ಟಬೇಡಿ, ಹೊಲದ ಮನೆಯಲ್ಲಿ ಕಟ್ಟಿ. ಈ ಮಾತಿನಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಕಟ್ಟಿದ ಮೇಲೆ ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬುದನ್ನು, ಅಳೆಯಬೇಕು. ಅದನ್ನು ಅಳೆಯುವ ಸಣ್ಣ ನ್ಯಾನೊ ವಿಎನ್‌ಎ ಉಪಕರಣ ಒಂದನ್ನು ಎಲ್ಲರೂ ಸೇರಿ ಕೊಂಡರೆ ಊರಿಂದ ಊರಿಗೆ ಬಸ್ಸಿನಲ್ಲಿ ಕಳಿಸಿಕೊಳ್ಳಬಹುದು. ಎಸ್‌ಡಬ್ಲ್ಯುಆರ್ ಅತಿ ಕಡಿಮೆಯಾಗುವ ಜಾಗ 6.9 ಮೆಗಾಹರ್ಟ್ಸ್‌ನಲ್ಲಿ ಕಂಡರೆ ತಂತಿ ಉದ್ದವಾಗಿದೆ ಎಂದರ್ಥ. ಎರಡೂ ಬದಿಯಲ್ಲಿ ಹತ್ತು ಹತ್ತು ಸೆಂಟಿಮೀಟರ್ ಕಡಿಮೆ ಮಾಡಿದರೆ ಆ ಜಾಗ ಸುಮಾರು 70 ಕಿಲೋಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. 7.1ರ ಆಸುಪಾಸಿಗೆ ಬಂದು 1.5ಕ್ಕಿಂತ ಕೆಳಗಿದ್ದರೆ ಕೈ ತೊಳೆದುಕೊಳ್ಳಿ. 1.0 ಬರಲೇಬೇಕೆಂದು ದಿನವಿಡೀ ಬಿಸಿಲಲ್ಲಿ ಮಾಳಿಗೆ ಹತ್ತಿ ಇಳಿಯುವುದರಲ್ಲಿ ಅರ್ಥವಿಲ್ಲ.

ಸೆಟ್ಟಿನ ಮಾತು ಬಂದಾಗ ನಮ್ಮ ನೆರೆಯ ಹೈದರಾಬಾದನ್ನು ನೆನೆಯಲೇಬೇಕು. ಅಲ್ಲಿನ ಅಷ್ಹರ್ ಫರ್ಹಾನ್, ಕಾಲ್‌ಸೈನ್ ವಿಯು2ಇಎಸ್‌ಇ, ಪರದೇಶದ ದುಬಾರಿ ಸೆಟ್ ಕೊಳ್ಳಲಾಗದ ಭಾರತೀಯ ಹ್ಯಾಮ್‌ಗಾಗಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಾದ ಬಿಟ್‌ಎಕ್ಸ್ ಎಂಬ ಸರ್ಕ್ಯೂಟ್ ರೂಪಿಸಿದರು. ಮುಂದೆ ಅದು 40 ಮೀಟರಿನ ಕಿಟ್ ಆಗಿ, ಆಮೇಲೆ ಎಲ್ಲ ಎಚ್‌ಎಫ್ ಬ್ಯಾಂಡಿನ ಮೈಕ್ರೊ ಬಿಟ್‌ಎಕ್ಸ್ ಆಗಿ ಲೋಕದ ನಾನಾ ಮೂಲೆಗೆ ಹೋಯಿತು. ಏಳೆಂಟು ವ್ಯಾಟಿನ ಸೆಟ್ಟಿನಿಂದ ಏನಾದೀತು ಎಂದು ಮೂಗು ಮುರಿಯಬೇಡಿ. 10 ವ್ಯಾಟಿಗೂ 100 ವ್ಯಾಟಿಗೂ ಇರುವ ಅಂತರ 10 ಡೆಸಿಬೆಲ್, ಕೇಳುವವರ ಎಸ್ ಮೀಟರಿನಲ್ಲಿ ಎರಡು ಮನೆಯಷ್ಟೂ ಇಲ್ಲ. 10 ವ್ಯಾಟಿನ ಸೆಟ್ ಮಾತಾಡುವಾಗ ಎರಡು ಆಂಪಿಯರ್ ಎಳೆದೀತು, ಯುಪಿಎಸ್‌ನಲ್ಲಿರುವಂಥ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ತಾಸುಗಟ್ಟಲೆ ನಡೆಯುತ್ತದೆ. 100 ವ್ಯಾಟಿನದಕ್ಕೆ 20 ಆಂಪಿಯರ್ ಬೇಕು. ಕರೆಂಟ್ ಹೋದಾಗಲೂ ನಡೆಯುವ ಸ್ಟೇಷನ್ ಬೇಕೆಂದಿದ್ದರೆ ಯಾವುದು ಜಾಣತನ ಎಂದು ನೀವೇ ನೋಡಿ. ಹಳೆಯ ಸೆಟ್ ಕೊಳ್ಳುವುದಾದರೆ ಅನುಭವಿ ಹ್ಯಾಮ್ ಒಬ್ಬರು ನಡೆಸಿ ತೋರಿಸಿದ ಮೇಲೇ ದುಡ್ಡು ಕೊಡಿ. ಸೆಟ್ ಎಲ್ಲಿ ಒಯ್ದರೂ ಪರವಾನಗಿಯ ಪ್ರತಿ ಜೊತೆಗಿರಲಿ.

ಮೊದಲ ಕೆಲವು ದಿನ ಬರೀ ಕೇಳಿ. ಬಾಯಿ ಬಿಡಲು ಅವಸರವೇನಿಲ್ಲ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಹ್ಯಾಮ್‌ಗಳು ಮಾತಿಗೆ ಎಲ್‌ಎಸ್‌ಬಿ ಎಂಬ ಮೋಡ್ ಬಳಸುತ್ತಾರೆ. ಸೆಟ್ ಬೇರೆ ಮೋಡಿನಲ್ಲಿದ್ದರೆ ಬಾತುಕೋಳಿ ಸದ್ದಷ್ಟೇ ಕೇಳೀತು. ನಮ್ಮ ಕಡೆ ಮುಂಜಾನೆ ಸೂರ್ಯ ಮೇಲೇರಿದ ಮೇಲಿನ ಒಂದೆರಡು ತಾಸು, ಮತ್ತೆ ಇಳಿಹೊತ್ತು, ಸಮೀಪದ ಮಾತಿಗೆ ಒಳ್ಳೆಯ ವೇಳೆ. ನಡುಮಧ್ಯಾಹ್ನ ಅಯಾನುಗೋಳದ ಕೆಳಪದರ ಅಲೆಯನ್ನು ಹೀರಿ ದನಿ ಸೊರಗುತ್ತದೆ. ರಾತ್ರಿ ಏರಿದಂತೆ ದೂರದ ದೇಶಗಳು ಕೇಳಿಸತೊಡಗಿ, ಪಕ್ಕದ ಜಿಲ್ಲೆಯವರು ಕಾಣೆಯಾಗುವುದೂ ಉಂಟು. ಮುಂಜಾನೆ ಹೊತ್ತು ಈ ಬ್ಯಾಂಡಿನಲ್ಲಿ ನೆಟ್‌ಗಳು ಸೇರುತ್ತವೆ. ಒಬ್ಬರು ನಿಯಂತ್ರಕರಿದ್ದು ಸರದಿಯಂತೆ ಒಬ್ಬೊಬ್ಬರನ್ನೇ ಮಾತಿಗೆ ಕರೆಯುತ್ತಾರೆ. ಕಾಗದ ಪೆನ್ನು ಹಿಡಿದು ಯಾರು ಯಾವ ಊರು, ಎಷ್ಟು ಜೋರು ಎಂದು ಬರೆಯುತ್ತಾ ಹೋಗಿ. ಒಂದು ವಾರದಲ್ಲಿ ದನಿಗಳು ಪರಿಚಿತವಾಗುತ್ತವೆ, ಅವರ ಪದ್ಧತಿ ಕಿವಿಗೆ ಹತ್ತುತ್ತದೆ.

ಕೇಳಲು ಕೂತಾಗ ಎಲ್ಲಕ್ಕಿಂತ ಮೊದಲು ಎದುರಾಗುವುದು ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್, ಸೆಟ್‌ಟಾಪ್ ಪೆಟ್ಟಿಗೆ, ಇವೆಲ್ಲ 7 ಮೆಗಾಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತವೆ. ಸೆಟ್ಟನ್ನು ಬ್ಯಾಟರಿ ಮೇಲೆ ಇಟ್ಟು, ಮನೆಯ ಮೇನ್ ಸ್ವಿಚ್ ಒಮ್ಮೆ ಆರಿಸಿ ನೋಡಿ. ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಹಾಕುತ್ತಾ ಹಿಡಿಯಬಹುದು. ಮಧ್ಯಮ ತರಂಗದ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಮನೆಯೆಲ್ಲ ಓಡಾಡಿ, ಎಲ್ಲಿ ಕರಕರ ಹೆಚ್ಚುತ್ತದೋ ಅಲ್ಲಿದೆ ಮೂಲ. ಮೇನ್ ಆರಿಸಿದರೂ ಇಳಿಯದಿದ್ದರೆ ಹೊರಗಿನದು. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ, ಮಾನ್ವಿ ಕಡೆ ಅಕ್ಕಿ ಮಿಲ್ಲಿನ ಮೋಟಾರುಗಳ ಸುತ್ತ ಇರುವವರು ಮಿಲ್ಲು ನಿಂತ ಹೊತ್ತು ಹುಡುಕಿಕೊಳ್ಳಬೇಕು. ದೇವದುರ್ಗದ ಹಳ್ಳಿಗಾಡಿನಲ್ಲಿರುವವರಿಗೆ ಇಲ್ಲಿ ಪೇಟೆಯವರಿಗಿಲ್ಲದ ಭಾಗ್ಯವಿದೆ. ಊರ ಹೊರಗಿನ ಹೊಲದಲ್ಲಿ, ಬ್ಯಾಟರಿ ಮೇಲೆ, ಬ್ಯಾಂಡು ಎಷ್ಟು ನಿಶ್ಶಬ್ದವಾಗಿರುತ್ತದೆಂದರೆ ಬೆಂಗಳೂರಿನ ಹ್ಯಾಮ್ ಅದಕ್ಕಾಗಿ ಕಾರು ಹತ್ತಿ ದೂರ ಹೋಗಬೇಕಾಗುತ್ತದೆ.

ಇನ್ನು ಮಾತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೂ ಮೈಕ್ ಹಿಡಿದಾಗ ಬೆವರುತ್ತಾರೆ. ಓಮ್‌ನ ನಿಯಮ ಗೊತ್ತಿದ್ದರೂ ಗಂಟಲು ಕಟ್ಟುವುದೇನೂ ತಪ್ಪುವುದಿಲ್ಲ. ಇದಕ್ಕೆ ಮದ್ದು, ಮೊದಲ ಮಾತನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು. ಕಾಲ್‌ಸೈನನ್ನು ಧ್ವನಿಅಕ್ಷರಗಳಲ್ಲಿ ಹೇಳಬೇಕು. ವಿ ಎಂದರೆ ವಿಕ್ಟರ್, ಯು ಎಂದರೆ ಯೂನಿಫಾರ್ಮ್, ಆಮೇಲೆ ತ್ರೀ, ಆಮೇಲೆ ನಿಮ್ಮ ಮೂರು ಅಕ್ಷರ. ಹೆಂಡತಿ ಮಕ್ಕಳು ನಕ್ಕರೂ ಚಿಂತೆಯಿಲ್ಲ, ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನೆಟ್ಟಿನ ನಿಯಂತ್ರಕರು ಹೊಸಬರಿದ್ದರೆ ಬನ್ನಿ ಎಂದು ಬಿಡುವು ಕೊಟ್ಟಾಗ ಕಾಲ್‌ಸೈನ್ ಒಂದನ್ನೇ ಹೇಳಿ ಗುಂಡಿ ಬಿಡಿ. ಅವರು ನಿಮ್ಮನ್ನು ಗುರುತಿಸಿ ಕರೆದ ಮೇಲೆ ಉಳಿದದ್ದು. ಉದಾಹರಣೆಗೆ ಹೀಗೆ:

“ನಮಸ್ಕಾರ್ರೀ. ನಿಮ್ಮ ಸಿಗ್ನಲ್ ದೇವದುರ್ಗದಾಗ ಐದು ಏಳು, ಐದು ಏಳು ಬರ್ತದ. ನಾನು ಹೊಸದಾಗಿ ಶುರು ಮಾಡೀನ್ರಿ, ಇದು ನನ್ನ ಮೊದಲನೇ ಮಾತು. ಸೆಟ್ ಹತ್ತು ವ್ಯಾಟಿಂದು, ಆಂಟೆನಾ ಇನ್ವರ್ಟೆಡ್ ವಿ, ಮಾಳಿಗಿ ಮ್ಯಾಲ ಕಟ್ಟೀನಿ. ನನ್ನ ದನಿ ಹೆಂಗ್ ಕೇಳ್ತದ ಹೇಳ್ರಿ. ಓವರ್.”

ಐದು ಏಳು ಎಂದರೆ ಏನು? ಮೊದಲ ಅಂಕಿ ಮಾತು ಎಷ್ಟು ಸ್ಪಷ್ಟ ಎಂದು, ಒಂದರಿಂದ ಐದರವರೆಗೆ. ಎರಡನೆಯದು ಎಷ್ಟು ಬಲ ಎಂದು, ಒಂದರಿಂದ ಒಂಬತ್ತರವರೆಗೆ. ಸುಮ್ಮನೆ ಎಲ್ಲರಿಗೂ ಐದು ಒಂಬತ್ತು ಹಂಚುವವರಿದ್ದಾರೆ, ನೀವು ಆ ಸಾಲಿಗೆ ಸೇರಬೇಡಿ. ನಿಜವಾದ ವರದಿ ಕೊಟ್ಟರೆ ಆ ಕಡೆಯವರು ತಮ್ಮ ಆಂಟೆನಾ ತಿದ್ದಿಕೊಳ್ಳುತ್ತಾರೆ. ಊರಿಗೆ ಕ್ಯೂಟಿಎಚ್, ಮುಟ್ಟಿತು ಎನ್ನುವುದಕ್ಕೆ ಕ್ಯೂಎಸ್‌ಎಲ್, ಏರಿಳಿತಕ್ಕೆ ಕ್ಯೂಎಸ್‌ಬಿ, ಬೀಳ್ಕೊಡಲು ಸೆವೆಂಟಿ ಥ್ರೀ. ಇಷ್ಟು ಬಂದರೆ ಶುರುವಿಗೆ ಸಾಕು. ಕನ್ನಡದಲ್ಲಿ ಮಾತಾಡಲು ಹಿಂಜರಿಕೆ ಬೇಡ. ಆ ಕಡೆಯವರಿಗೆ ಕನ್ನಡ ಬಾರದಿದ್ದರೆ ರಾಯಚೂರಿನವರಿಗೆ ತೆಲುಗು, ಹಿಂದಿ ಹೇಗೂ ಬಾಯಲ್ಲೇ ಇರುತ್ತವೆ. ವ್ಯಾಪಾರದ ಮಾತು, ರಾಜಕೀಯ, ಧರ್ಮದ ತಕರಾರು ಇಲ್ಲಿ ಸಲ್ಲದು. ಇನ್ನೊಬ್ಬರ ಖಾಸಗಿ ಸಂದೇಶ ಮುಟ್ಟಿಸುವ ಅಂಚೆ ಕೆಲಸವೂ ನಿಮ್ಮದಲ್ಲ. ಪ್ರತಿ ಸಂಪರ್ಕವನ್ನು ಲಾಗ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಫ್ರೀಕ್ವೆನ್ಸಿ, ಮೋಡ್, ವರದಿ ಸಮೇತ ಬರೆಯಿರಿ. ಪರದೇಶದವರೊಂದಿಗೆ ಲೆಕ್ಕ ಹೊಂದಲು ಯುಟಿಸಿ ವೇಳೆ ಬೇಕು, ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆದರಾಯಿತು.

ಹಾಗಾದರೆ ಅಲಮಾರಿನಲ್ಲಿಟ್ಟ ಹ್ಯಾಂಡ್‌ಸೆಟ್ ದಂಡವೇ? ದಂಡವಲ್ಲ, ಅದನ್ನು ಎತ್ತರಕ್ಕೆ ಒಯ್ಯಿರಿ. ಮೇಲಿನ ಸೂತ್ರದಲ್ಲಿ 12ರ ಬದಲು 80 ಮೀಟರ್ ಹಾಕಿ ನೋಡಿ, ದಿಗಂತ ಸುಮಾರು 37 ಕಿಲೋಮೀಟರಿಗೆ ಓಡುತ್ತದೆ. ಆ ಕಡೆಯವರ 14 ಸೇರಿಸಿದರೆ 50 ದಾಟಿತು. 1294ರ ಶಾಸನವಿರುವ ನಮ್ಮ ರಾಯಚೂರು ಕೋಟೆಯ ಬೆಟ್ಟ ಹತ್ತಿದವರಿಗೆ ಊರೆಲ್ಲ ಅಂಗೈಯಲ್ಲಿ ಕಾಣುವುದು ಗೊತ್ತು. ಅದು ಸ್ಮಾರಕ, ಅಲ್ಲಿ ಕಂಬ ನೆಡುವುದು, ತಂತಿ ಕಟ್ಟುವುದು ಕೂಡದು. ಆದರೆ ಕೈಸೆಟ್ ಹಿಡಿದು ಸುಮ್ಮನೆ ನಿಲ್ಲುವವರಿಂದ ಸ್ಮಾರಕ ಕೆಡುವುದಿಲ್ಲ. ಮನೆಯ ವಿಳಾಸದ ಹೊರಗೆ ಸೆಟ್ ಬಳಸಲು ನಿಮ್ಮ ಪರವಾನಗಿ ಏನು ಹೇಳುತ್ತದೆ ಎಂದು ಮೊದಲು ಓದಿಕೊಳ್ಳಿ. ಮಾನ್ವಿಯವರು ಮಾಳಿಗೆಯ ಮೇಲೆ ಯಾಗಿ ಆಂಟೆನಾ ಹಿಡಿದು ರಾಯಚೂರಿನ ಕಡೆ ತಿರುಗಿಸಿದರೆ ಮಾತು ದಾಟುವ ಸಾಧ್ಯತೆ ಚೆನ್ನಾಗಿದೆ.

ಇನ್ನೂ ಎತ್ತರ ಬೇಕೆಂದರೆ ಆಕಾಶವೇ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ನೆತ್ತಿಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವಾಗ ಹತ್ತು ನಿಮಿಷದಷ್ಟು ಹೊತ್ತು ಅದರ ಹ್ಯಾಮ್ ರಿಪೀಟರನ್ನು 437.800 ಮೆಗಾಹರ್ಟ್ಸ್‌ನಲ್ಲಿ ಕೇಳಬಹುದು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದವರೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲಿಯೇ. ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ 2014ರ ಜುಲೈವರೆಗೆ ಜಗತ್ತಿನ ಹ್ಯಾಮ್‌ಗಳನ್ನೆಲ್ಲ ಜೋಡಿಸಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ನಮ್ಮದು, ಇನ್ನೊಂದನ್ನು ಕಟ್ಟಿದ್ದು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ.

ಪ್ರವಾಹದ ಹೊತ್ತಿಗೆ ಹ್ಯಾಮ್ ಬೇಕಾಗುತ್ತಾನೆ ಎನ್ನುವ ಮಾತನ್ನು ಪರವಾನಗಿಯ ಮೊದಲೇ ಕೇಳಿರುತ್ತೀರಿ. ಅದು ನಿಜ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಕ್ಕೆಂದು ವಿಯು4ಆರ್‌ಬಿಐ ಸ್ಟೇಷನ್ ನಡೆಸುತ್ತಿದ್ದರು. 26ರ ಮುಂಜಾನೆ ಸುನಾಮಿ ಬಡಿದಾಗ ಅದೇ ಸ್ಟೇಷನ್ ದ್ವೀಪ ಮತ್ತು ಮುಖ್ಯಭೂಮಿಯ ನಡುವಿನ ಕೊಂಡಿಯಾಯಿತು. ಗಮನಿಸಿ: ಅವರು ಆ ದಿನ ಹೊಸದಾಗಿ ಆಂಟೆನಾ ಕಟ್ಟಲು ಕೂರಲಿಲ್ಲ, ಅದಾಗಲೇ ವಾರಗಳಿಂದ ದಿನವೂ ಮಾತಾಡುತ್ತಿದ್ದರು. ನಮ್ಮಲ್ಲಿ ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದಾ ನಡುಗಡ್ಡೆಗಳ ದಾರಿ ಕಟ್ಟಾಗುತ್ತದೆ. ಆಗ ಹ್ಯಾಮ್‌ಗಳು ತಾವಾಗಿ ಸೆಟ್ ಹೊತ್ತು ನದಿದಂಡೆಗೆ ಓಡಬಾರದು. ಜಿಲ್ಲಾಡಳಿತ ಕೇಳಿದರೆ, ಕೇಳಿದ ಜಾಗದಲ್ಲಿ ಕೂತು ಸಂದೇಶ ದಾಟಿಸಬೇಕು.

ಸಂದೇಶ ದಾಟಿಸುವುದಕ್ಕೂ ರೂಢಿ ಬೇಕು. ದೇವದುರ್ಗದಿಂದ “1,95,000 ಕ್ಯೂಸೆಕ್” ಎಂದು ಹೇಳಿದ್ದು ರಾಯಚೂರಿನಲ್ಲಿ 95,000 ಆಗಿ ಇಳಿದರೆ ಏನಾದೀತು! ಅಂಕಿಗಳನ್ನು ಒಂದು, ಒಂಬತ್ತು, ಐದು, ಸೊನ್ನೆ, ಸೊನ್ನೆ, ಸೊನ್ನೆ ಎಂದು ಬಿಡಿಬಿಡಿಯಾಗಿ ಹೇಳಬೇಕು, ಆ ಕಡೆಯವರು ಬರೆದುಕೊಂಡು ತಿರುಗಿ ಓದಬೇಕು, ಸರಿ ಎಂದ ಮೇಲೆ ವೇಳೆ ನಮೂದಿಸಬೇಕು. ನೆರೆಯಿಲ್ಲದ ತಿಂಗಳಲ್ಲಿ ಹಳೆಯ ಪತ್ರಿಕೆಯ ನದಿ ಸುದ್ದಿಯನ್ನೇ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಬಹುದು. ಪ್ರತಿ ಸಲ “ಇದು ಅಭ್ಯಾಸ” ಎಂದು ಮೊದಲೂ ಕೊನೆಗೂ ಹೇಳುವುದನ್ನು ಮರೆಯಬೇಡಿ, ಯಾರೋ ಕೇಳಿಸಿಕೊಂಡು ಗಾಬರಿಯಾದಾರು.

ಎಫ್‌ಟಿ8 ಎಂಬ ಕಂಪ್ಯೂಟರ್ ವಿಧಾನದ ಬಗ್ಗೆ ಹುಡುಗರು ಕೇಳುತ್ತಾರೆ. 7.074 ಮೆಗಾಹರ್ಟ್ಸ್‌ನಲ್ಲಿ ಹದಿನೈದು ಸೆಕೆಂಡಿಗೊಮ್ಮೆ ಕಿವಿಗೇ ಸಿಗದ ಸಂಕೇತಗಳೂ ಪರದೆಯ ಮೇಲೆ ಮೂಡುತ್ತವೆ. ನಿಮ್ಮ ಆಂಟೆನಾ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ತಿಳಿಯಲು ಒಳ್ಳೆಯದು, ಆದರೆ ಅದರಲ್ಲೇ ಮುಳುಗಿದವರಿಗೆ ಮೈಕ್‌ನ ಅಂಜಿಕೆ ಹೋಗುವುದಿಲ್ಲ. ಮೋರ್ಸ್ ಮಾತ್ರ ತಪ್ಪದೆ ಕಲಿಯಿರಿ. ಸಾಮಾನ್ಯ ದರ್ಜೆಗೆ ಏರಿ ವಿಯು2 ಆಗಲು ನಿಮಿಷಕ್ಕೆ 8 ಪದದ ವೇಗ ಬೇಕು, ದಿನಕ್ಕೆ ಕಾಲು ತಾಸು ಕೂತರೆ ಕೆಲವು ತಿಂಗಳಲ್ಲಿ ಬರುತ್ತದೆ.

ಈ ಭಾನುವಾರವೇ ಶುರು ಮಾಡುವುದಾದರೆ ಹೀಗೆ ಮಾಡಿ. ಮೂರೂ ಊರಿನವರು ಫೋನಿನಲ್ಲಿ ಮೊದಲೇ ಒಂದು ಫ್ರೀಕ್ವೆನ್ಸಿ ಗೊತ್ತು ಮಾಡಿಕೊಳ್ಳಿ, ಅಲ್ಲಿ ಬೇರೆಯವರ ಮಾತಿದ್ದರೆ ಐದು ಕಿಲೋಹರ್ಟ್ಸ್ ಮೇಲೆ ಎಂದೂ ಮಾತಾಗಿರಲಿ. ಮುಂಜಾನೆ ಎಂಟಕ್ಕೆ ರಾಯಚೂರಿನವರು ಫ್ರೀಕ್ವೆನ್ಸಿ ಖಾಲಿ ಇದೆಯೇ ಎಂದು ಎರಡು ಸಲ ಕೇಳಿ, ಆಮೇಲೆ ಮಾನ್ವಿಯನ್ನು ಕರೆಯಲಿ. ಮಾನ್ವಿಯವರು ವರದಿ ಕೊಟ್ಟು ದೇವದುರ್ಗಕ್ಕೆ ಬಿಟ್ಟುಕೊಡಲಿ. ಕೇಳಿಸದಿದ್ದರೆ ಫೋನ್ ಎತ್ತಿಕೊಳ್ಳದೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕರೆಯಿರಿ, ಆಗಲೂ ಆಗದಿದ್ದರೆ ಸಂಜೆ ನಾಲ್ಕಕ್ಕೆ. ಏಪ್ರಿಲ್ ಮೇ ತಿಂಗಳಾಗಿದ್ದು ಪಡುವಣದಲ್ಲಿ ಮೋಡ ಕಟ್ಟಿದ್ದರೆ ಸಿಡಿಲಿನ ಅಪಾಯವಿರುವುದರಿಂದ ಅಂದಿನ ಮಾತು ಅಲ್ಲಿಗೇ ಬಿಟ್ಟು, ಕೋಆಕ್ಸಿಯಲ್ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಕಿಟಕಿಯ ಹೊರಗೆ ಹಾಕಿ.